ಹೇಳದೆ ಹೊರಡುವ ಮನೆ

"ಏಳೇ ಮೂದೇವಿ! ನಿನ್ನಪ್ಪನ ಮನೆಯ ಚಾಪೆಯಾ ಅದು? ಸೌದೆ ಯಾರು ಹೊರುದು, ಹೆಣ ಎದ್ದು ಹೊರುದಾ?"

ವಾರಿಜಾಕ್ಷಿ ಅಮ್ಮ ಬೈದದ್ದು ಪಿಸುಮಾತಿನಲ್ಲಿ. ಅತ್ತೆಯ ಹೆಣದ ಎದುರು ಸೊಸೆ ಇದಕ್ಕಿಂತ ಜೋರಾಗಿ ಬೈಯುವ ಹಾಗಿಲ್ಲ. ಚನಿಯಾರು ಏಳಲಿಲ್ಲ. ಚಾವಡಿಯ ನಡುವೆ ಐಸ್ ಪೆಟ್ಟಿಗೆ, ಅದರೊಳಗೆ ಧಣಿಗಳ ತಾಯಿ ದೊಡ್ಡಮ್ಮ, ಪಕ್ಕದ ಚಾಪೆಯಲ್ಲಿ ದೊಡ್ಡಮ್ಮನ ಇಬ್ಬರು ಹೆಣ್ಣುಮಕ್ಕಳು. ಅವರ ಸಾಲಿನಲ್ಲೇ ಚನಿಯಾರು ಕಾಲು ಮಡಚಿ ಕೂತಿದ್ದಳು. ಈ ಚಾವಡಿಯನ್ನು ದಿನಾ ಒರಸಿದವಳು ಅವಳೇ, ಕೂತದ್ದು ಮಾತ್ರ ಇದೇ ಮೊದಲು. ನೆಲ ಎಷ್ಟು ತಣ್ಣಗೆ ಎಂದು ಅಂಗೈಗೆ ಗೊತ್ತಿತ್ತು, ಕುಂಡೆಗೆ ಗೊತ್ತಿರಲಿಲ್ಲ.

"ಏಳುದು ಹೇಗೆ ಅಮ್ಮ? ನಾನು ಮನೆ ಮಗಳು ಅಂತ ಧಣಿಗಳೇ ಹೇಳಿದ್ದಲ್ವಾ ಮೊನ್ನೆ. ಹೆಣದ ಹತ್ರ ಮಗಳು ಕೂರದೆ ಮತ್ತೆ ಯಾರು ಕೂರುದು?"

ಹೇಳಿದ್ದು ಹೌದು. ಜೀತ ಇದೆಯೇ ಎಂದು ವಿಚಾರಿಸಲು ತಾಲೂಕಿನಿಂದ ಒಬ್ಬರು ಮೇಡಂ ಬಂದಿದ್ದರು. ತ್ಯಾಂಪಣ್ಣ ಧಣಿಗಳು ಚನಿಯಾರುವಿನ ತಲೆಯ ಮೇಲೆ, ಮುಟ್ಟದ ಹಾಗೆ, ಕೈ ಚಾಚಿ ನಕ್ಕಿದ್ದರು. "ಜೀತವಾ? ನಮ್ಮಲ್ಲಾ? ಇವಳು ಮನೆ ಮಗಳು ಮೇಡಂ. ಮಗಳಿಗೆ ಯಾರಾದ್ರೂ ಸಂಬಳ ಕೊಡ್ತಾರಾ?" ಮೇಡಂ ಬೊಂಡ ಕುಡಿದು ಹೋದರು. ಮಗಳು ಬೊಂಡದ ಸಿಪ್ಪೆ ಹೆಕ್ಕಿದಳು.

ಲಂಗ ಹಾಕುವ ಪ್ರಾಯದಲ್ಲಿ ಅಪ್ಪ ತಂದು ಬಿಟ್ಟ ಮನೆ ಇದು. ರಾಮಕುಂಜದಲ್ಲಿ ತಂಗಿ ಇದ್ದಾಳೆ, ಅಲ್ಲಿ ಬೀಡಿ ಕಟ್ಟಿ ಬದುಕುತ್ತೇನೆ ಎಂದು ಚನಿಯಾರು ಕೇಳಿದಾಗಲೆಲ್ಲ ಧಣಿಗಳದ್ದು ಒಂದೇ ಉತ್ತರ: "ಅಮ್ಮ ಇರುವಷ್ಟು ದಿನ ಇರು. ಮತ್ತೆ ನಿನ್ನ ದಾರಿ ನಿನಗೆ." ಒಮ್ಮೆ ಕೇಳದೆ ಹೊರಟವಳನ್ನು ಆಲಂಕಾರು ಪೇಟೆಯಿಂದ ಜೀಪಿನಲ್ಲಿ ಎಳೆದು ತಂದು, ಸೌದೆ ಕೊಟ್ಟಿಗೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ದೊಡ್ಡಮ್ಮ ಬೇಗ ಸಾಯಲಿ ಎಂದು ಅವಳು ಬಯಸಲಿಲ್ಲ ಎಂದರೆ ಸುಳ್ಳಾದೀತು. ಬಯಸಿದ ದಿನ ಮಾತ್ರ ಮುದುಕಿಗೆ ಎರಡು ಚಮಚ ಗಂಜಿ ಹೆಚ್ಚು ಉಣಿಸುತ್ತಿದ್ದಳು.

ಬೆಳಿಗ್ಗೆ ದೊಡ್ಡಮ್ಮನ ಕಣ್ಣು ಮುಚ್ಚಿಸಿದವಳೂ ಅವಳೇ. ಇನ್ನು ಹೋಗಲಾ ಎಂದು ಆಗಲೇ ಧಣಿಗಳನ್ನು ಕೇಳಿದ್ದಳು. "ಇನ್ನು ನನ್ನ ಮೊಮ್ಮಗುವನ್ನು ನೋಡಿಕೊಳ್ಳುದು ಯಾರು, ನಿನ್ನ ಗಂಡನಾ?" ಎಂದು ಧಣಿಗಳು ಬಚ್ಚಲಿಗೆ ಹೋಗಿದ್ದರು. ಅವಳಿಗೆ ಗಂಡ ಇರಲಿಲ್ಲ. ಮದುವೆಗೆ ರಜೆ ಯಾರು ಕೊಟ್ಟಿದ್ದರು?

"ಕೂರಲಿ ಬಿಡಿ ಅತ್ತಿಗೆ," ದೊಡ್ಡ ಮಗಳು ರೇವತಿ ಮೂಗೊರಸಿಕೊಂಡರು. "ಅಮ್ಮನ ಹೇಲು ಬಾಚಿದ್ದು ನಾವಾ?"

ಅಷ್ಟರಲ್ಲಿ ತ್ಯಾಂಪಣ್ಣ ಧಣಿಗಳೇ ಬಂದರು. ಅವರಿಗೆ ಪಿಸುಮಾತು ಬರುವುದಿಲ್ಲ.

"ಬೇವರ್ಸಿ! ಮಗಳಂತೆ ಮಗಳು! ಮೇಡಂ ಎದುರು ಒಂದು ಮಾತು ಹೇಳಿದ್ರೆ ಚಾವಡಿಗೇ ಹತ್ತುದಾ? ಹೊರಗಿನವಳು ನೀನು. ಇಳಿ, ಹೊರಗಿನವರ ಜೊತೆ ನಿಲ್ಲು!"

ಅಂಗಳದಲ್ಲಿದ್ದ ಊರೇ ತಿರುಗಿ ನೋಡಿತು.

"ಹೊರಗಿನವಳಾ ಧಣಿ?"

"ಮತ್ತೆಂತ, ಒಳಗಿನವಳಾ?"

"ಇಲ್ಲಪ್ಪ. ಊರವರ ಎದುರು ಒಮ್ಮೆ ಕೇಳಿಕೊಂಡದ್ದು, ಅಷ್ಟೆ." ಚನಿಯಾರು ಎದ್ದು ಸೀರೆ ಕೊಡವಿದಳು. ಅಂಗಳಕ್ಕಿಳಿದು, ಹೆಣ ನೋಡಲು ಬಂದವರ ನಡುವೆ ಕೈಕಟ್ಟಿ ನಿಂತಳು. ಹೊರಗಿನವರು ಸೌದೆ ಹೊರುವುದುಂಟೇ? ಮಂಗಳೂರಿನಿಂದ ಬಂದ ಅಳಿಯ ಬಿಳಿ ಪ್ಯಾಂಟಿನಲ್ಲೇ ಹೊತ್ತ.

ಹಿತ್ತಿಲಿನ ಕೆಳಗೆ ಚಿತೆ ಹತ್ತಿಕೊಂಡಿತು. ಧಣಿಗಳು ಮಿಂದು, ಒದ್ದೆ ಬಟ್ಟೆಯಲ್ಲಿ ಜಗಲಿಯ ಮೇಲೆ ಕೂತರು. ಹೊರಗಿನವರು ಒಬ್ಬೊಬ್ಬರಾಗಿ ಹೊರಟರು. ಸಾವಿನ ಮನೆಯಿಂದ ಯಾರೂ ಹೇಳಿ ಹೋಗುವುದಿಲ್ಲ. "ಬರ್ತೇನೆ" ಎಂದರೆ ಸಾವೂ ಇನ್ನೊಮ್ಮೆ ಬರುತ್ತದಂತೆ. ಹೋಗುವವರನ್ನು ಹಿಂದಿನಿಂದ ಕರೆಯುವ ಹಾಗೂ ಇಲ್ಲ. ತೋಡಿನ ಬದಿಗೆ ಹೋಗುವುದಕ್ಕೂ ಕೇಳಿಯೇ ಹೋಗುತ್ತಿದ್ದ ಚನಿಯಾರು ಹೊರಟವರ ಬೆನ್ನುಗಳನ್ನು ನೋಡಿದಳು. ಎಷ್ಟು ಸುಲಭದಲ್ಲಿ ಹೋಗುತ್ತಾರೆ, ಮಾರಾಯ್ರೆ!

ಅವಳೂ ಹೆಜ್ಜೆ ಹಾಕಿದಳು.

"ಏ ಚನಿ..." ಧಣಿಗಳು ಜಗಲಿಯಿಂದ ಅರ್ಧ ಎದ್ದರು.

"ಅಣ್ಣಾ! ಹಿಂದಿನಿಂದ ಕರೀಬೇಡ!" ರೇವತಿ ಓಡಿ ಬಂದು ಅಣ್ಣನ ರಟ್ಟೆ ಹಿಡಿದರು. "ಮನೆಯಲ್ಲಿ ಇನ್ನೊಂದು ಹೆಣ ಬೀಳ್ಬೇಕಾ ನಿನಗೆ? ನಿನ್ನ ಮೊಮ್ಮಗು ಉಂಟು ಒಳಗೆ!"

ನೆಂಟರೆಲ್ಲ "ಶ್, ಶ್" ಎಂದರು. ಧಣಿಗಳು ತೆರೆದ ಬಾಯಿ ಮುಚ್ಚಿ ಮತ್ತೆ ಜಗಲಿಯಲ್ಲಿ ಕೂತರು.

ಅಂಗಳದ ಕೊನೆಯ ದಣಪೆಯಾಚೆ, ಪೆಟ್ಟಿಗೆ ಬಾಡಿಗೆಗೆ ಕೊಡುವ ಹಸನಬ್ಬ ಖಾಲಿ ಐಸ್ ಪೆಟ್ಟಿಗೆಯನ್ನು ತನ್ನ ಪಿಕಪ್ಪಿಗೆ ಹಗ್ಗದಿಂದ ಬಿಗಿಯುತ್ತಿದ್ದ. ಚನಿಯಾರು ಹಿಂದೆ ಹತ್ತಿ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಳು.

"ಎಲ್ಲಿಗೆ?"

"ರಾಮಕುಂಜಕ್ಕೆ, ಕಾಕ."

ಹಸನಬ್ಬ ಜಗಲಿಯ ಕಡೆ ನೋಡಿದ, ಅವಳನ್ನು ನೋಡಿದ. "ಧಣಿಗಳಿಗೆ ಹೇಳಿದ್ಯಾ?"

"ಎಂತ ಕಾಕ ನೀವು! ಸಾವಿನ ಮನೆಯಿಂದ ಹೇಳಿ ಹೋಗುದುಂಟಾ?"