ಮನೆಮಾತು ಬಂದ್ ಆದ ವಾರ

ನನ್ನ ಮೊಮ್ಮಗಳಿಗೆ ಆರು ವರ್ಷ. ಬಾಯಿ ಸುಮ್ಮನಿರದು ಅಂತ ಎಲ್ಲರೂ ಅವಳನ್ನು ಪಟಪಟಿ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ನನ್ನ ಮಗನ ಹೊಲಿಗೆ ಅಂಗಡಿ, ಹಿಂದೆ ನಮ್ಮ ಮನೆ. ಅಂಗಿಗಳಿಗೆ ಗುಂಡಿ ಹೊಲಿಯುವುದು ನನ್ನ ಕೆಲಸ.

ಈ ವರ್ಷ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ವಿದೇಶಿ ಭಾಷೆ ಶುರುವಾಯಿತು. ಮಗ ಅಂದೇ ಕಟ್ಟಪ್ಪಣೆ ಮಾಡಿದ.

"ಇನ್ಮೇಲೆ ಮನೇಲಿ ನಮ್ಮ ಮಾತು ಬಂದ್. ಬರೀ ಹೊಸ ಭಾಷೆ. ಎರಡೂ ಕಲಸಿದ್ರೆ ಮಗು ಯಾವುದಕ್ಕೂ ಇಲ್ದಂಗಾಗುತ್ತೆ."

ಅವನಿಗೆ ಬರುತ್ತಿದ್ದದ್ದು ಮೂವತ್ತು ಪದ, ಸೊಸೆಗೆ ಹತ್ತು. ನನಗೆ ನಮಸ್ಕಾರ ಹೇಳಲು ಮಾತ್ರ ಬರುತ್ತಿತ್ತು. ಊಟಕ್ಕೆ ಕರೆದರೂ ನಮಸ್ಕಾರ, ಸಾಕು ಅನ್ನಲಿಕ್ಕೂ ನಮಸ್ಕಾರ.

ನಾಲ್ಕು ದಿನಕ್ಕೇ ಪಟಪಟಿಯ ಬಾಯಿ ಕಟ್ಟಿತು.

"ಕಲೀತಿದ್ದಾಳೆ, ಸುಮ್ನಿರಿ ಅಪ್ಪ" ಎಂದ ಮಗ.

ಶನಿವಾರ ಅವಳ ಟೀಚರು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಮಗು ಕುಂಟುತ್ತಿರುವುದನ್ನು ಮೊದಲು ಕಂಡವರು ಅವರೇ. ಹಿಮ್ಮಡಿ ಊದಿ ಕೆಂಪಾಗಿತ್ತು.

"ಏನಾಯ್ತು ಪುಟ್ಟಾ?"

ಮಗು ಅಪ್ಪನ ಮುಖ ನೋಡಿತು. "ನಮ್ಮ ಮಾತಲ್ಲಿ ಹೇಳ್ಬಹುದಾ?"

ಮಗ ಮಿಷನ್ ನಿಲ್ಲಿಸಿದ. "ಹೇಳಮ್ಮ."

"ಸೂಜಿ ಮುರಿದು ಒಳಗಿದೆ, ಮೊನ್ನೆಯಿಂದ. ಅದಕ್ಕೆ ಆ ಭಾಷೇಲಿ ಏನಂತಾರೆ ಗೊತ್ತಿರ್ಲಿಲ್ಲ."

ಮಗ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ, ಹಿಂದೆಯೇ ಸೊಸೆ, ನಾನು, ಟೀಚರು. ಒಳಗೆ ಸೊಸೆ ಮಗುವನ್ನು ಹಿಡಿದುಕೊಂಡು, ಡಾಕ್ಟರು ಸೂಜಿಯ ಚೂರು ತೆಗೆಯುತ್ತಿದ್ದರೆ ಹೊರಗಿನ ಬೆಂಚಿನಲ್ಲಿ ನಾನು ಕೇಳಿದೆ: "ಅಲ್ಲಾ ಟೀಚರಮ್ಮ, ಅಷ್ಟು ಪುಟ್ಟ ತಲೇಲಿ ಎರಡು ಭಾಷೆ ಜಗಳ ಆಡಲ್ವಾ?"

"ಇಲ್ಲ ತಾತ. ಮೊದಮೊದಲು ಕಲಸ್ತಾರೆ, ಆಮೇಲೆ ತಾವೇ ಬೇರೆ ಮಾಡ್ಕೋತಾರೆ."

"ಇನ್ನೂ ದೊಡ್ಡೋರಾದ ಮೇಲೆ ಕಲಿತ್ರೆ?"

"ಆಗ್ಲೂ ಬರುತ್ತೆ. ಚಿಕ್ಕೋರಿಗೆ ಉಚ್ಚಾರ ಚೆನ್ನಾಗಿ ಹಿಡಿಯುತ್ತೆ, ದೊಡ್ಡ ಮಕ್ಕಳಿಗೆ ಪಾಠ ಬೇಗ ಅರ್ಥ ಆಗುತ್ತೆ."

ಮಗ ತಲೆ ತಗ್ಗಿಸಿಯೇ ಕೇಳಿದ, "ಹಾಗಾದ್ರೆ ನಾನೇನ್ ಮಾಡ್ಲಿ ಮೇಡಂ?"

"ಹೊಸ ಭಾಷೆ ಹಾಡಿಸೋದು, ಆಡಿಸೋದು ನಮಗೆ ಬಿಡಿ. ಮನೆಮಾತು ಮಾತ್ರ ಕಿತ್ಕೋಬೇಡಿ. ಅದು ಗಟ್ಟಿ ಇದ್ರೆ ಇನ್ನೊಂದು ಕಲಿಯೋಕೂ ಆಸರೆ."

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮಗಳನ್ನು ಮಗ ಹೆಗಲಿಗೇರಿಸಿದ. "ಶಾಲೇಲಿ ಏನೇನಾಯ್ತು ಹೇಳು, ನಮ್ಮ ಮಾತಲ್ಲೇ."

ಮನೆ ಮುಟ್ಟುವವರೆಗೆ ಅವಳ ಬಾಯಿ ನಿಲ್ಲಲಿಲ್ಲ. ಮಧ್ಯೆ ನನಗೆ ಮೂರು ಹೊಸ ಪದ ಕಲಿಸಿದಳು, ತಪ್ಪು ಹೇಳಿದ್ದಕ್ಕೆ ಬೈದಳು ಕೂಡ.

ಅಪ್ಪಂದಿರೇ, ಅಮ್ಮಂದಿರೇ, ಮಕ್ಕಳು ಹೊಸ ಭಾಷೆ ಕಲಿಯಲಿ, ಹೆದರಬೇಡಿ. ಇವತ್ತು ಮಗು ಚೀಲ ಇಳಿಸಿದ ಮೇಲೆ ನಿಮ್ಮ ಮಾತಿನಲ್ಲೇ ಕೇಳಿ: ಏನು ಕಲಿತೆ, ಎಲ್ಲಾದರೂ ನೋವಿದೆಯಾ? ಅದು ಹೇಳಿ ಮುಗಿಸುವವರೆಗೆ ಎದ್ದು ಹೋಗಬೇಡಿ.