ಮೋಟು ನಳಿಗೆ, ಮೂರು ಬೆರಳು ಮದ್ದು

ಕೊಳತ್ತೂರಿನ ಕೊನೆಯ ಬೀದಿಯ ಕುಲುಮೆ ಮುಂದೆ ವೆಂಕಟಾಚಲಂ ಆಸಾರಿ ಹೊಸ ಕೋವಿಯನ್ನು ನೆಲಕ್ಕೂರಿ ನಿಲ್ಲಿಸಿದಾಗ ಅದರ ಬಾಯಿ ಪುಟ್ಟಪ್ಪನ ಗದ್ದ ಮುಟ್ಟಿತು.

"ನೀನು ತುಪಾಕಿ ಕೇಳಿದ್ಯೋ, ಮನೆಗೆ ತೊಲೆ ಕೇಳಿದ್ಯೋ?" ಅಂದ ಆಸಾರಿ.

"ಹಂದಿ ಅಳ್ಳದ ಆಚೆ ನಿಂತ್ಕೊಂಡು ಅಣಕಿಸ್ತೈತೆ ಆಸಾರಿಯಣ್ಣ. ಅಲ್ಲೀಗಂಟ ಇದರ ಮಾತು ಮುಟ್ಟಬೇಕಲ್ಲ."

ಪುಟ್ಟಪ್ಪನ ಹೆಂಡತಿ ಅಂಕಮ್ಮ ನಗಲಿಲ್ಲ. ಆ ಹಂದಿಯ ವಿಷಯದಲ್ಲಿ ನಗು ಬರುವ ಕಾಲ ಅವಳಿಗೆ ಮುಗಿದಿತ್ತು. ಮೇಟೂರಿನ ಅಣೆ ಕಟ್ಟಿ ನೀರು ನಿಲ್ಲಿಸಿದಾಗ ಅವರ ಊರು ಮುಳುಗಿತು. ಸರ್ಕಾರ ಕಾಡಿನ ಅಂಚಿಗೆ ಕಲ್ಲುನೆಲ ತೋರಿಸಿ ಬದುಕಿಕೊಳ್ಳಿ ಅಂದಿತು. ಅಲ್ಲೇ ಪಾಳ್ಯ ಕಟ್ಟಿ, ಕಲ್ಲು ಆಯ್ದು ರಾಗಿ ಬಿತ್ತಿದರು. ಹೋದ ವರ್ಷ ಕಾಳು ಹಾಲುಗಟ್ಟುವ ಹೊತ್ತಿಗೆ ಹಂದಿ ನುಗ್ಗಿ ಒಂದು ತೆನೆ ಬಿಡದೆ ಉತ್ತುಹಾಕಿತು. ಹುಣಸೆಬೀಜ ಹುರಿದು ತಿಂದ ಬೇಸಿಗೆಯಲ್ಲಿ ಅಂಕಮ್ಮನ ಎದೆ ಬತ್ತಿತು, ಕೈಗೂಸು ಹೋಯಿತು. ಈಗ ಮತ್ತೆ ರಾಗಿ ತೆನೆಗೆ ಬಂದಿದೆ. ಅವಳ ಹೊಟ್ಟೆಯಲ್ಲಿ ಇನ್ನೊಂದಿದೆ.

ಚಿಲ್ಲರೆ ಗುಂಡಿನ ಹಳೇ ಕೋವಿಯಿಂದ ಹೊಡೆದರೆ ಅದು ಮೈ ಕೊಡವಿಕೊಂಡು ಹೋಗುತ್ತಿತ್ತು. ಹೊಲಕ್ಕೂ ಕಾಡಿಗೂ ನಡುವೆ ಹಳ್ಳ. ಹಳ್ಳದ ಈಚೆ ಬಂಡೆ. ಬಂಡೆಯ ಮೇಲೆ ಕೂತು, ಹಂದಿ ಆಚೆ ದಡಕ್ಕೆ ತಲೆ ಹಾಕುವಾಗಲೇ ಭುಜದ ಹಿಂದೆ ಒಂದೇ ಗುಂಡು ಇಳಿಸಬೇಕು. ಅದಕ್ಕೇ ಈ ಒಂಟಿ ಗುಂಡಿನ ಕೋವಿ, ಒಳಗೆ ಸುಳಿಗೀರು ಕೊರೆದ ಉದ್ದ ನಳಿಗೆ. ಆಸಾರಿ ಮಳೆಗಾಲವೆಲ್ಲ ಕೂತು ಕೊರೆದಿದ್ದ.

ಗುಂಡಿಗೆ ಸೀಸ ಬಂದದ್ದು ಮೀನುಬಲೆಗಳಿಂದ. ಪಾಳ್ಯದ ಮನೆಮನೆಯವರೂ ಬಲೆಯ ಅಂಚಿನ ಸೀಸ ಬಿಚ್ಚಿ ಕೊಟ್ಟಿದ್ದರು. ಅಂಕಮ್ಮ ಅದನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದು ಗುಂಡನ್ನೂ ಅಂಗೈಯಲ್ಲಿ ಉರುಳಿಸಿ, ಓರೆ ಇದ್ದುದನ್ನು ಮತ್ತೆ ಕರಗಿಸಿದ್ದಳು.

ಮದ್ದು ತುಂಬುವವಳೂ ಅವಳೇ. ಅವರ ಪಾಳ್ಯದ ಪದ್ಧತಿ ಅದು: ಹೊಡೆಯುವ ಕೈ ತುಂಬಬಾರದು, ತುಂಬುವ ಕೈ ಹೊಡೆಯಬಾರದು. ಜೀವ ತೆಗೆದ ಪಾಪ ಒಬ್ಬರ ತಲೆಗೇ ಪೂರಾ ಬರದೆ ಇಬ್ಬರಿಗೆ ಹಂಚಿಹೋಗಲಿ ಅಂತ.

ಕುಲುಮೆ ಹಿಂದಿನ ಬಯಲಲ್ಲಿ ಹಲಗೆ ನಿಲ್ಲಿಸಿ ನೋಡಿದರು. ಬರಿದಾದ ನಳಿಗೆಗೆ ಮದ್ದು ಜಡಿಯುವ ಗಜ ಇಳಿಸಿದರೆ ಅದರ ತುದಿ ಬಾಯಿಗೆ ಸಮ ನಿಲ್ಲುತ್ತಿತ್ತು. ಮದ್ದು, ಎಣ್ಣೆಬಟ್ಟೆ ಸುತ್ತಿದ ಗುಂಡು, ಎರಡನ್ನೂ ಇಳಿಸಿ ಜಡಿದ ಮೇಲೆ ಗಜ ಎಷ್ಟು ಬೆರಳಗಲ ಹೊರಗೆ ನಿಂತರೆ ಅಷ್ಟು ಬೆರಳ ಮದ್ದು. ಐದು ಬೆರಳಿಗೆ ಗುಂಡು ಹಲಗೆಯ ಮೂಲೆ ಹಾರಿಸಿತು. ಮೂರು ಬೆರಳಿಗೆ ಕೆಳಗೆ ಕುಸಿಯಿತು. ನಾಲ್ಕು ಬೆರಳಿಗೆ ಹೊಡೆದ ಗುಂಡುಗಳ ತೂತು ಒಂದರ ಮೇಲೊಂದು ಬಿದ್ದು ಒಂದೇ ಹರಕಾಯಿತು.

"ನಾಲ್ಕು," ಅಂದ ಆಸಾರಿ. "ಈ ನಳಿಗೆಗೆ ನಾಲ್ಕೇ. ತಂಗಚ್ಚಿ, ನಿನ್ನ ಬೆರಳಲ್ಲ, ನಿನ್ನ ಗಂಡನ ಬೆರಳು. ನಿನ್ನದು ಬೆಂಡೆಕಾಯಿ."

ಪುಟ್ಟಪ್ಪ ತನ್ನ ಬೆರಳುಗಳನ್ನು ಮುಂದೆ ಚಾಚಿ, "ಇವು ನುಗ್ಗೆಕಾಯಿ," ಅಂದ. ಆಗ ಅವಳಿಗೂ ನಗು ಬಂತು. ಹಂದಿ ಸತ್ತಂತೆಯೇ ಅನಿಸಿತ್ತು.

ಲೈಸೆನ್ಸಿಗೆ ಮುದ್ರೆ ಹಾಕಿಸಲು ಮರುದಿನ ಸರ್ಕಾರಿ ಬಂಗಲೆಗೆ ಹೋದರು. ತಾಲೂಕಿನ ಅಧಿಕಾರಿ ಕ್ಯಾಂಪ್ ಬಂದಿದ್ದ. ಅಂಗಳದ ಇನ್ನೊಂದು ಬದಿಯಲ್ಲಿ ದೊರೆಗಳ ಬೇಟೆಯ ಡೇರೆ. ಅಲ್ಲಿ ಜವಾನರು ಹೊಳೆಯುವ ರೈಫಲುಗಳಿಗೆ ಎಣ್ಣೆ ಸವರುತ್ತಿದ್ದರು. ಆ ಕಾಡು ಸರ್ಕಾರದ್ದು, ಕಾಡಿನ ಹಂದಿಯೂ ಸರ್ಕಾರದ್ದು. ಹೊಲಕ್ಕೆ ಬಂದು ರಾಗಿ ತಿಂದಾಗ ಮಾತ್ರ ಅದು ರೈತನದಾಗುತ್ತದೆ.

ಅಧಿಕಾರಿ ಕೋವಿ ನೋಡಿ ಟೇಪು ತರಿಸಿದ.

"ಬೆಳೆ ಕಾಯೋ ಕೋವಿ ನಳಿಗೆ ಇನ್ನು ಮೇಲೆ ಎರಡಡಿ ಮೀರಬಾರದು. ಹೊಸ ಆರ್ಡರು. ನೀವು ಬೆಳೆ ಹೆಸರಲ್ಲಿ ಕಾಡಿಗೆ ನುಗ್ಗಿ ಜಿಂಕೆ ಹೊಡೀತೀರಿ."

"ಸಾಮಿ, ನಂದು ಅಳ್ಳದ ಆಚೆಗೆ ಹೊಡೆಯೋ ತುಪಾಕಿ. ನಳಿಗೆ ಮೋಟಾದ್ರೆ ಗುಂಡು ಅಲ್ಲೀಗಂಟ ನೆಟ್ಟಗೆ ಓಗಲ್ಲ."

"ಓಗದಿದ್ರೆ ನೀನು ಹೋಗು. ಹತ್ತಿರ ಹೋಗಿ ಹೊಡಿ."

"ಒಂಟಿ ಗಂಡುಹಂದಿ ಸಾಮಿ ಅದು, ಸಲಗ. ಅತ್ರ ಓದ್ರೆ ಸೀಳಾಕ್ತದೆ."

"ಹಾಗಾದ್ರೆ ಕೋವಿ ಇಲ್ಲಿಟ್ಟು ಹೋಗು."

ಡೇರೆಯ ಕಡೆ ನೋಡಿ ಪುಟ್ಟಪ್ಪ ಕೇಳಿದ: "ಅವ್ರ ತುಪಾಕಿಗೆ ಟೇಪು ಇಡಲ್ವಾ ಸಾಮಿ?"

ಜವಾನನೊಬ್ಬ ಅವನ ಕತ್ತಿನ ಮೇಲೆ ಕೈಯಿಟ್ಟ. ಅಧಿಕಾರಿ ಮುದ್ರೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ.

ಅಂಕಮ್ಮ ಮುಂದೆ ಬಂದಳು. ಕೋವಿಯೇ ಇಲ್ಲದೆ ಪಾಳ್ಯಕ್ಕೆ ಮರಳುವಂತಿರಲಿಲ್ಲ. "ನಳಿಗೆ ಕೊಯ್ಯಿರಿ ಸಾಮಿ," ಅಂದಳು.

ಪುಟ್ಟಪ್ಪ ಅವಳ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜವಾನ ಕಾಲಲ್ಲಿ ಕೋವಿ ಮೆಟ್ಟಿಕೊಂಡು ಕಬ್ಬಿಣದ ಗರಗಸ ಎಳೆದ. ಮಳೆಗಾಲವೆಲ್ಲ ಕೊರೆದದ್ದು ಒಂದು ಎಲೆಯಡಿಕೆ ಅಗಿಯುವ ಹೊತ್ತಿನಲ್ಲಿ ತುಂಡಾಯಿತು, ಲೈಸೆನ್ಸಿಗೆ ಮುದ್ರೆ ಬಿತ್ತು.

ಅಲ್ಲಿಂದ ನೇರ ಕುಲುಮೆಗೆ ಬಂದರು. ಓರೆಯಾಗಿ ಕೊಯ್ದ ಬಾಯನ್ನು ಆಸಾರಿ ಬೆರಳಿಂದ ಸವರಿ ನೋಡಿದ. ಆಮೇಲೆ ಅರ ತೆಗೆದುಕೊಂಡು ಬಾಯಿ ಸಮ ಮಾಡಿದ, ಗಜವನ್ನೂ ನಳಿಗೆಗೆ ತಕ್ಕಂತೆ ಕತ್ತರಿಸಿದ, ಮತ್ತೆ ಹಲಗೆ ನಿಲ್ಲಿಸಿದ. ನಾಲ್ಕು ಬೆರಳಿಗೆ ಗುಂಡು ಹಲಗೆಗೇ ತಾಗಲಿಲ್ಲ. ಬಾಯಿಂದ ಮೊಳದುದ್ದ ಬೆಂಕಿ ಕಕ್ಕಿತು.

"ಐದು ಆಕಿ ನೋಡು," ಅಂದ ಪುಟ್ಟಪ್ಪ. "ನಳಿಗೆ ಕಮ್ಮಿ ಆದಷ್ಟು ಮದ್ದು ಜಾಸ್ತಿ ಮಾಡಾಣ. ದೂರ ಓಗಲೇಬೇಕು."

"ಪೊರುಮೈ ಅಪ್ಪಾ, ತಾಳು. ಮದ್ದು ಉರಿದು ಗುಂಡನ್ನ ತಳ್ಳೋಕೆ ಒಳಗೆ ಜಾಗ ಬೇಕು. ಜಾಗಾನೇ ಕೊಯ್ದವ್ರೆ. ಮಿಕ್ಕಿದ ಮದ್ದು ಬಾಯಲ್ಲಿ ಉರಿದು ಗುಂಡನ್ನ ಪಕ್ಕಕ್ಕೆ ಒದೀತದೆ, ಅಷ್ಟೆ. ಐದು ಆಕಿದ್ರೆ ಬೆಂಕಿಗೆ ಕಣ್ಣು ಕುಕ್ತದೆ, ಇನ್ನೂ ಓರೆ ಓಯ್ತದೆ."

ಆಸಾರಿ ಮೂರು ಬೆರಳು ಹಾಕಿ ಹೊಡೆದ. ದೂರಕ್ಕೆ ದಕ್ಕಲಿಲ್ಲ. ಹಲಗೆಯನ್ನು ಹತ್ತಿರ, ಇನ್ನೂ ಹತ್ತಿರ ತಂದ. ಹದಿನೈದು ಹೆಜ್ಜೆಗೆ ತಂದಾಗ ಗುಂಡು ನಡುವಿಗೆ ಹೊಕ್ಕಿತು.

"ಮೂರು ಬೆರಳು, ಹದಿನೈದು ಎಜ್ಜೆ," ಅಂದ. ಅವರ ಮುಖ ನೋಡದೆ ಕುಲುಮೆಯ ಕೆಂಡ ಕೆದಕತೊಡಗಿದ.

ದಾರಿಯುದ್ದಕ್ಕೂ ಪುಟ್ಟಪ್ಪ ಅದನ್ನೇ ಹಿಡಿದ. "ನೀನು ಐದು ತುಂಬು. ನಾನು ಬಂಡೆ ಮೇಲಿಂದ ಒಡೀತೀನಿ. ಆಸಾರಿಗೆ ಒಲ ಐತಾ? ಅವನಿಗೇನು ಗೊತ್ತು ಹಂದಿ ಇಚಾರ?"

"ತಪ್ಪಿದ್ರೆ?"

"ತಪ್ಪಿದ್ರೆ ನಾನು ಬಂಡೆ ಮೇಲೆ ಇರ್ತೀನಲ್ಲ. ಅದು ಅಲ್ಲಿಗೆ ಅತ್ತಲ್ಲ."

"ಒಲಕ್ಕೆ ಇಳೀತದೆ."

ಅವನು ಕೋವಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ನಡೆದ.

ಸಂಜೆ ಬಂಡೆಯ ಮೇಲೆ ಮದ್ದಿನ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಅಂಕಮ್ಮ ಕೂತಳು. ಕೆಳಗೆ ಪಾಳ್ಯದವರೆಲ್ಲರ ರಾಗಿ, ತೂಗುವ ತೆನೆ. ಐದು ತುಂಬಿದರೆ ಗಂಡ ಮೇಲೇ ಇರುತ್ತಾನೆ, ಗುಂಡು ಎಲ್ಲಿಗೋ ಹೋಗುತ್ತದೆ, ರಾಗಿ ಹೋಗುತ್ತದೆ. ಮೂರು ತುಂಬಿದರೆ ಅವನು ಹಳ್ಳಕ್ಕಿಳಿಯಬೇಕು. ಬಂಗಲೆಯಲ್ಲಿ ಕೂತವನು ಟೇಪು ಎಳೆದು ಹೊರಿಸಿದ ಲೆಕ್ಕ ಈಗ ಅವಳ ಕೈಗೆ ಬಂದು ಕೂತಿತ್ತು. ಗಂಡನನ್ನು ಉಳಿಸಿಕೊಳ್ಳುವುದೋ, ಹೊಟ್ಟೆಯಲ್ಲಿರುವುದನ್ನೋ? ಎರಡನ್ನೂ ಅನ್ನುವಷ್ಟು ನಳಿಗೆ ಅವರು ಉಳಿಸಿರಲಿಲ್ಲ.

ಅವಳು ಮದ್ದು ಸುರಿದಳು. ಬಟ್ಟೆ ಸುತ್ತಿದ ಗುಂಡು ಇಳಿಸಿದಳು. ಗಜದಿಂದ ಜಡಿದು, "ಬೆರಳು ಇಡು," ಅಂದಳು.

ಪುಟ್ಟಪ್ಪ ಇಟ್ಟ. ಮೂರು.

ತುಂಬ ಹೊತ್ತು ಅವನು ಆ ಬೆರಳುಗಳನ್ನು ತೆಗೆಯಲಿಲ್ಲ. "ಸರಿ ಬುಡು," ಅಂದ ಕೊನೆಗೆ. "ಇಳೀತೀನಿ."

"ನಾನೂ ಬತ್ತೀನಿ."

"ಹೊಟ್ಟೆ ಒತ್ಕೊಂಡು ಎಲ್ಲಿಗೆ ಬತ್ತೀಯಾ, ಲೇ? ಕೂತ್ಕೊ."

ಅವಳು ಕೂರಲಿಲ್ಲ. ಪಾಪ ಅರ್ಧರ್ಧ ಅಂದಮೇಲೆ ಹಳ್ಳವೂ ಅರ್ಧರ್ಧವೇ. ಅವನ ಹಿಂದೆಯೇ ಇಳಿದು ಮತ್ತಿಮರದ ಬೊಡ್ಡೆಗೆ ಒತ್ತಿಕೊಂಡು ನಿಂತಳು. ಅವನು ಮುಂದೆ ಹೋಗಿ ಕಲ್ಲಿನ ಮರೆಯಲ್ಲಿ ಮಂಡಿಯೂರಿದ.

ಇನ್ನೂ ಬೆಳಕಿರುವಾಗಲೇ ಹಂದಿ ಬಂತು. ಮೂಗು ಎತ್ತಿ, ನಿಂತು, ಮರಳಿಗಿಳಿಯಿತು. ಪುಟ್ಟಪ್ಪ ಕಾದ. ಅದು ಆಚೆ ದಡದಲ್ಲಿದ್ದಾಗ ಭುಜ ಇಡಿಯಾಗಿ ಕಾಣುತ್ತಿತ್ತು, ಆಗ ಹೊಡೆಯುವಂತಿರಲಿಲ್ಲ. ನಡುಹಳ್ಳಕ್ಕೆ ಬಂದಾಗಲೂ ಹೊಡೆಯುವಂತಿರಲಿಲ್ಲ. ಹದಿನೈದು ಹೆಜ್ಜೆಗೆ ಬಂದಾಗ ಅದಕ್ಕೆ ಅವನ ವಾಸನೆ ಸಿಕ್ಕಿ ಮುಖ ನೇರ ತಿರುಗಿತ್ತು, ಭುಜ ಮರೆಯಾಗಿತ್ತು.

ಅವನು ಹೊಡೆದ. ಗುಂಡು ಕತ್ತಿನ ಬುಡಕ್ಕೆ ಹೊಕ್ಕಿತು. ಸಾಯುವ ಪೆಟ್ಟೇ; ಆದರೆ ಸಾಯಲು ಅದಕ್ಕೆ ಹದಿನೈದು ಹೆಜ್ಜೆ ಓಡುವುದಕ್ಕಿಂತ ಹೆಚ್ಚು ಹೊತ್ತು ಬೇಕಿತ್ತು. ಹೊಗೆ ಸರಿದಾಗ ಹಂದಿ ಪುಟ್ಟಪ್ಪನ ಮೇಲೆ ಬಿದ್ದಿತ್ತು. ಎರಡು ಜೀವವೂ ಒಟ್ಟಿಗೇ ಕದಲುತ್ತಿದ್ದವು. ಆಮೇಲೆ ಹಂದಿ ಕದಲಲಿಲ್ಲ.

ಅವಳ ಕೂಗಿಗೆ ಪಾಳ್ಯದವರು ಓಡಿಬಂದು ಹಂದಿಯನ್ನು ಉರುಳಿಸಿದರು. ಪುಟ್ಟಪ್ಪನ ತೊಡೆ ಮಂಡಿಯಿಂದ ಸೊಂಟದವರೆಗೆ ತೆರೆದಿತ್ತು. ಅಂಕಮ್ಮ ಸೆರಗು ಹರಿದು ಕಟ್ಟಿದಳು, ಅದು ನೆನೆಯಿತು. ಮೇಲೆ ಇನ್ನೊಂದು ಕಟ್ಟಿದಳು. ಮಂಚ ತಂದರು. ಕೊಳತ್ತೂರಿನ ಆಸ್ಪತ್ರೆಗೆ ಹೊರಲು ನಾಲ್ಕಾಳು ಬೇಕು, ಹೆಗಲು ಬದಲಿಸಲು ಇನ್ನೂ ನಾಲ್ಕಾಳು. ಪಾಳ್ಯದಲ್ಲಿದ್ದ ಗಂಡಸರೇ ಅಷ್ಟು.

ಅವಳು ಮಂಚದ ಕಾಲು ಹಿಡಿದು ಹೊರಟಾಗ ಪುಟ್ಟಪ್ಪ ಕಣ್ಣು ಬಿಟ್ಟ. "ಅಂಕೀ, ನೀನು ಬರಬ್ಯಾಡ."

"ಸುಮ್ಕಿರು."

"ಕೇಳು. ಗಂಡಸ್ರೆಲ್ಲ ನನ್ ಜೊತೆ ಬತ್ತಾವ್ರೆ. ಸಲಗ ಬಿದ್ಮೇಲೆ ಹೆಣ್ಣುಹಂದಿ ಮರಿ ಕಟ್ಕೊಂಡು ಬತ್ತವೆ. ಇವತ್ತೇ ಬತ್ತವೆ. ಒಲಕ್ಕೆ ಯಾರವ್ರೆ?"

ಹೆಗಲ ಮೇಲಿನ ಮಂಚ ನಿಂತೇ ಇತ್ತು. ಒಂದು ಹನಿ, ಇನ್ನೊಂದು ಹನಿ ಮರಳಿಗೆ ಬಿತ್ತು. ಅವಳು ಹಿಡಿದಿದ್ದಷ್ಟು ಹೊತ್ತೂ ಅದು ಅಲ್ಲೇ ನಿಂತಿರುತ್ತಿತ್ತು.

ಅವಳು ಕೈ ಬಿಟ್ಟಳು.

"ಬಿರ್ರನೆ ಓಗಿ," ಅಂದಳು ಹೊತ್ತವರಿಗೆ. "ಕುಲುಕಬ್ಯಾಡಿ."

ಅವರು ಏರಿ ಹತ್ತಿ ಮರೆಯಾದರು. ಅತ್ತೆ ಗಂಗಲಕ್ಷ್ಮಮ್ಮ ಹೊಲದ ನಡುವೆ ಒಣಹುಲ್ಲಿಗೆ ಬೆಂಕಿ ಹಾಕಿ, ಮಗನ ಹೆಸರು ಹಿಡಿದು ಅಳುತ್ತಲೇ ಡಬ್ಬ ಬಡಿಯತೊಡಗಿದಳು. ಅಂಕಮ್ಮ ಕೋವಿ ಎತ್ತಿಕೊಂಡು ಬಂಡೆ ಹತ್ತಿದಳು. ನಳಿಗೆ ಒರೆಸಿದಳು, ಮದ್ದು ಸುರಿದಳು. ಸ್ವಲ್ಪ ಬಂಡೆಯ ಮೇಲೆ ಚೆಲ್ಲಿತು. ಅದನ್ನೂ ಉಗುರಿನಿಂದ ಗೋರಿ ನಳಿಗೆಯ ಬಾಯಿಗೆ ಹಾಕಿದಳು. ಕಾಡಿನ ಅಂಚಿನಲ್ಲಿ ಆಗಲೇ ಪೊದೆ ಅಲ್ಲಾಡುತ್ತಿತ್ತು. ಹೊಡೆಯಲು ಅಲ್ಲಿ ತುಂಬಿದವಳ ಹೊರತು ಬೇರೆ ಯಾರೂ ಇರಲಿಲ್ಲ.