ಸಹಿಯ ಬಾಲ

ಚಪ್ಪಾಳೆ, ಮತ್ತೆ ಚಪ್ಪಾಳೆ, ಗಾಜಿನ ಬಾಗಿಲಾಚೆ ಕುರ್ಚಿ ಎಳೆದಾಡುವ ಸದ್ದು, ಲೇಖನ ಒಪ್ಪಿಗೆಯಾಯ್ತು, ಬಾಮ್ಮಾ ಫೋಟೋಗೆ, ಅಂತ ಲ್ಯಾಬಿನ ದೊಡ್ಡ ಸಾಹೇಬರ ಕೂಗು — ಅವಳು ಏಳಲಿಲ್ಲ, ಏಳುವುದೂ ಇಲ್ಲ, ಪರದೆಯ ಮೇಲೆ ವಂಶವಾಹಿಯ ಎರಡು ಸಾಲು ಅಕ್ಷರಗಳು ಒಂದರ ಕೆಳಗೊಂದು ಕೂತಿವೆ, ಮೇಲಿನದು ಮೂರು ವಾರದ ಹಿಂದೆ ಆಸ್ಪತ್ರೆಯ ಮಕ್ಕಳ ವಾರ್ಡಿನ ಮಗುವೊಂದರ ಮೂಗಿನಲ್ಲಿ ಸಿಕ್ಕ ವೈರಸ್ಸಿನದು, ಕೆಳಗಿನದು ತಂಗಿಯ ಮೂಗಿನಲ್ಲಿ ಸಿಕ್ಕಿದ್ದರದು, ಹದಿನೈದು ಸಾವಿರ ಅಕ್ಷರದಲ್ಲಿ ಎರಡೇ ಎರಡು ಬೇರೆ. ಗೊತ್ತಿತ್ತು, ಎಲ್ಲ ಗೊತ್ತಿತ್ತು, ಮಗುವಿನದನ್ನು ಓದಿದ ದಿನವೇ ಓಡಿಹೋಗಿ ಹೇಳಿರಲಿಲ್ಲವೇ, ಸಾರ್ ಇದು ನಮ್ಮ ಪಟ್ಟಿಯಲ್ಲಿರೋ ಯಾವ ವೈರಸ್ಸಿಗೂ ಹೊಂದ್ತಿಲ್ಲ, ಹತ್ತಿರದ ಸಂಬಂಧಿಗೂ ನೂರಕ್ಕೆ ಎಪ್ಪತ್ತೇ ಹೋಲಿಕೆ, ವಂಶವೃಕ್ಷದಲ್ಲಿ ಹೊಸ ಕೊಂಬೆ, ವಾರ್ಡಿಗೆ ತಿಳಿಸೋಣ. ಮಹಾನುಭಾವನ ಕಣ್ಣು ಅರಳಿತು. ಹೊಸದಾ? ಹಾಗಾದ್ರೆ ಬಾಯಿ ಬಿಡ್ಬೇಡ, ಮೊದಲು ಹೆಸರಿಟ್ಟು ಲೇಖನ ಕಳಿಸೋಣ, ಇಲ್ಲಾಂದ್ರೆ ಬೇರೆಯವರು ಹೊಡ್ಕೊಂಡು ಹೋಗ್ತಾರೆ, ವಾರ್ಡಿಗೆ ಪತ್ತೆಯಾಗಿಲ್ಲ ಅಂತ ಬರಿ, ಪಟ್ಟಿಯಲ್ಲಿರೋದು ಯಾವುದೂ ಪತ್ತೆಯಾಗಿಲ್ವಲ್ಲ, ಸುಳ್ಳೇನಲ್ಲ. ಸುಳ್ಳೇನಲ್ಲವಂತೆ! ಹೆಸರಿಡುವ ತನಕ ವೈರಸ್ಸು ಕೈಕಟ್ಟಿಕೊಂಡು ಕೂತಿರುತ್ತದೆಯೇ? ಮೈಯೆಲ್ಲ ಉರಿಯುತ್ತದೆ, ಆದರೂ ಬರೆದವಳು ಅವಳೇ, ಸಹಿ ಹಾಕಿದವಳೂ ಅವಳೇ, ಕೊನೆಯ ಅಕ್ಷರದಿಂದ ಸುತ್ತಿ ಎಳೆದ ಆ ಉದ್ದ ಬಾಲ — ಏನಕ್ಕಾ, ಸಹಿನೋ ಕೋತಿನೋ, ಅಂತ ತಂಗಿ ರೇಗಿಸುತ್ತಿದ್ದ ಬಾಲ, ಅಪ್ಪನಿಗೆ ತೋರಿಸಲಾಗದ ಅಂಕಪಟ್ಟಿಗಳಿಗೆಲ್ಲ ಅಕ್ಕನಿಂದ ಗುಟ್ಟಾಗಿ ಹಾಕಿಸಿಕೊಂಡ ಬಾಲ.

ತಂಗಿ ಅದೇ ಮಕ್ಕಳ ವಾರ್ಡಿನ ನರ್ಸು. ಮುಖ ಮುಚ್ಚಿಕೊಂಡವರನ್ನು ಕಂಡರೆ ಆ ಮಗು ಕಿರುಚುತ್ತಿತ್ತಂತೆ, ಹಾಲು ಮುಟ್ಟುತ್ತಿರಲಿಲ್ಲವಂತೆ, ಪತ್ತೆಯಾಗಿಲ್ಲವೆಂಬ ರಿಪೋರ್ಟು ಬಂದ ಮಧ್ಯಾಹ್ನ ತಂಗಿ ಮಾಸ್ಕು ತೆಗೆದು, ಮಡಿಲಲ್ಲಿ ಕೂರಿಸಿಕೊಂಡು, ಚಮಚ ಚಮಚವಾಗಿ ಕುಡಿಸಿದಳಂತೆ. ಮಗು ಚೇತರಿಸಿಕೊಂಡು ಮನೆಗೆ ಹೋಯಿತು, ತಂಗಿ ಹಾಸಿಗೆ ಹಿಡಿದಳು. ಇವತ್ತು ಬೆಳಿಗ್ಗೆ ಆಕ್ಸಿಜನ್ ನಳಿಕೆಯ ಕೆಳಗೆ ಆ ಎದೆ ಮೇಲೆ ಕೆಳಗೆ ಆಗುವುದನ್ನು ನೋಡಲಾರದೆ ಅವಳು ಬೈದೇಬಿಟ್ಟಳು, ಬುದ್ಧಿ ಇಲ್ವೇನೇ ನಿಂಗೆ, ಮಾಸ್ಕ್ ಯಾಕೆ ತೆಗ್ದೆ? ತಂಗಿ ಉಸಿರು ಕೂಡಿಸಿಕೊಂಡು, ನಿನ್ನ ಸಹಿ ಇತ್ತಲ್ಲಕ್ಕಾ, ಅಂದಳು.

ಬಾಗಿಲು ತೆರೆಯುತ್ತದೆ, ಸಾಹೇಬರು ಹಾಳೆಯೊಂದನ್ನು ಮೇಜಿನ ಮೇಲಿಡುತ್ತಾರೆ, ನಿನ್ನ ತಂಗಿ ರಿಪೋರ್ಟ್ ಕಣಮ್ಮಾ, ಸದ್ಯಕ್ಕೆ ಹೋದ ಸಲದ ಥರಾನೇ ಬರಿ, ಶುಕ್ರವಾರ ಹೆಸರು ಪ್ರಕಟ ಆಗತ್ತೆ. ಥೂ, ಇವನ ಶುಕ್ರವಾರಕ್ಕೆ ಬೆಂಕಿ ಬೀಳ, ಕಾಗದ ಹರಿಯುವಂತೆ ಒತ್ತಿ ಬರೆದಳು, ಹೊಸ ವೈರಸ್ ಪತ್ತೆಯಾಗಿದೆ, ಮಗುವಿನಿಂದ ನರ್ಸಿಗೆ ಹರಡಿದೆ, ಯಾರೂ ಮಾಸ್ಕ್ ತೆಗೆಯಬೇಡಿ, ಇವತ್ತೇ, ಈಗಲೇ, ಕೆಳಗೆ ಸಹಿ, ಮೊದಲಕ್ಷರ, ಕೊನೆಯಕ್ಷರ, ಇನ್ನು ಬಾಲ — ಪೆನ್ನು ಕಾಗದಕ್ಕೆ ಊರಿ ನಿಂತಿತು, ಶಾಯಿ ಒಂದೇ ಕಡೆ ಹರಡಿತು, ನಿನ್ನ ಸಹಿ ಇತ್ತಲ್ಲಕ್ಕಾ, ಆ ಬಾಲ, ಆ ಬಾಲ